ಹಲಗಲಿಯ ಬೂದಿ ಹೇಳುವ ಪಾಠ
(ರಾಮಥಾಳದ ಸಭೆಯಲ್ಲಿ ಮಾಡಿದ ಭಾಷಣದ ಪಠ್ಯ)



ಸಶಸ್ತ್ರ ಗುಂಪುಗಳಿಗೂ ಭದ್ರತಾ ಪಡೆಗಳಿಗೂ ಘರ್ಷಣೆ ಎಂದೊಡನೆ ನಮ್ಮ ಗಮನ ಈಶಾನ್ಯದ ಗುಡ್ಡಗಳತ್ತ ಹರಿಯುತ್ತದೆ. ಆದರೆ ಅಂತಹ ಕಟುವಾದ ಅಧ್ಯಾಯವೊಂದು ನಮ್ಮ ಬಾಗಲಕೋಟೆ ಜಿಲ್ಲೆಯಲ್ಲೇ, ಮುಧೋಳ ಸೀಮೆಯ ಹಲಗಲಿಯಲ್ಲಿ ನಡೆದಿದೆ.

1857ರ ಬಂಡಾಯದಿಂದ ಬೆದರಿದ ಕಂಪೆನಿ ಸರಕಾರವು ಅದೇ ವರ್ಷ ನಿಶ್ಶಸ್ತ್ರೀಕರಣದ ಕಾನೂನನ್ನು ಜಾರಿಗೊಳಿಸಿತು. ಪರವಾನಗಿ ಇಲ್ಲದೆ ಯಾರೂ ಆಯುಧ ಇಟ್ಟುಕೊಳ್ಳುವಂತಿರಲಿಲ್ಲ. ಕಚೇರಿಯಲ್ಲಿ ಕುಳಿತವರಿಗೆ ಅದು ಶಾಂತಿಪಾಲನೆಯ ಕ್ರಮ. ಹಲಗಲಿಯ ಬೇಡರಿಗಾದರೋ ಆಯುಧವೆಂದರೆ ಬೇಟೆ, ಅನ್ನ ಮತ್ತು ಮರ್ಯಾದೆ. ಅವರು ಸಿಂಹಾಸನವನ್ನು ಕೇಳಲಿಲ್ಲ. ತಮ್ಮ ಆಯುಧ ತಮ್ಮಲ್ಲಿರಲಿ ಎಂದರು. ಜಡಗ, ಬಾಲ, ಹನುಮ, ರಾಮ ಎಂಬ ನಾಯಕರ ಸುತ್ತ ನೆರೆಯ ಗ್ರಾಮಗಳ ಬೇಡರೂ ಒಟ್ಟುಗೂಡಿದರು. ಪ್ರಭುತ್ವದ ಕಣ್ಣಿಗೆ ಆ ನಿರಾಕರಣೆಯೇ ರಾಜದ್ರೋಹವಾಗಿ ಕಂಡಿತು.

ನವೆಂಬರ್ ಅಂತ್ಯದಲ್ಲಿ ಸೈನ್ಯವು ಹಲಗಲಿಯನ್ನು ಮುತ್ತಿತು. ಬೇಡರು ಮನೆಗಳ ಮರೆಯಿಂದ ಕಾದಾಡಿದರು. ಸೈನ್ಯವು ಊರಿಗೇ ಬೆಂಕಿ ಹಚ್ಚಿತು. ಅನೇಕರು ಮಡಿದರು, ನೂರಾರು ಮಂದಿ ಸೆರೆಯಾದರು. ಡಿಸೆಂಬರ್‌ನಲ್ಲಿ 19 ಮಂದಿಯನ್ನು ಮುಧೋಳ ಮತ್ತು ಹಲಗಲಿಗಳಲ್ಲಿ ಗಲ್ಲಿಗೇರಿಸಲಾಯಿತು.

ಇಲ್ಲಿ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಆಯುಧ ಹಿಡಿದವರು ಕೆಲವರು. ಸುಟ್ಟದ್ದು ಎಲ್ಲರ ಮನೆ. ತೊಟ್ಟಿಲ ಕೂಸು ಯಾವ ಕಾನೂನನ್ನು ಮುರಿದಿತ್ತು? ಒಬ್ಬನ ಅಪರಾಧವನ್ನು ಅವನ ಕುಲದ ಮೇಲೆ ಹೊರಿಸುವ ಈ ಮನೋಭಾವವೇ ಮುಂದೆ 1871ರಲ್ಲಿ ಕ್ರಿಮಿನಲ್ ಬುಡಕಟ್ಟುಗಳ ಕಾಯಿದೆಯಾಗಿ ಹುಟ್ಟಿತು. ಹುಟ್ಟಿನಿಂದಲೇ ಅಪರಾಧಿಗಳೆಂಬ ಮುದ್ರೆಯನ್ನು ಹಲವು ಸಮುದಾಯಗಳ ಮೇಲೆ ಒತ್ತಲಾಯಿತು. ಆ ಕಾಯಿದೆ ರದ್ದಾದುದು 1952ರಲ್ಲಿ. ಕಾಯಿದೆ ಹೋಯಿತು, ಸಂಶಯದ ನೋಟ ಹೋಯಿತೇ?

ಅಂದಿನ ಬಂಡುಕೋರರು ಇಂದು ಸ್ವಾತಂತ್ರ್ಯ ಹೋರಾಟಗಾರರು. ಅವರ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವರು ಬ್ರಿಟಿಷ್ ಅಧಿಕಾರಿ ಫ್ಲೀಟ್ ಎಂಬುದು ಚರಿತ್ರೆಯ ವ್ಯಂಗ್ಯ. ಹಾಗೆಂದು ಬಂದೂಕನ್ನು ವೈಭವೀಕರಿಸುವುದು ನಮ್ಮ ಉದ್ದೇಶವಲ್ಲ. ಬೇಡರಿಗೆ ಮತವಿರಲಿಲ್ಲ, ಅವರ ಅಹವಾಲು ಕೇಳುವ ಶಾಸನಸಭೆಯಿರಲಿಲ್ಲ. ನಮಗೆ ಸಂವಿಧಾನವಿದೆ. ಅದಿರುವಾಗ ಆಯುಧ ಹಿಡಿಯುವವನು ತನ್ನ ಜನರನ್ನೇ ಗುಂಡಿನ ದಾರಿಗೆ ನಿಲ್ಲಿಸುತ್ತಾನೆ.

ಹೊಣೆ ಪ್ರಭುತ್ವಕ್ಕೂ ಇದೆ. 2024ರ ನವೆಂಬರ್‌ನಲ್ಲಿ ಉಡುಪಿ ಜಿಲ್ಲೆಯ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಬಲಿಯಾದರು. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಗಳ ಮುಂದೆ ಶರಣಾದರು. ಎರಡು ತಿಂಗಳೊಳಗೆ ಎರಡು ದಾರಿಗಳನ್ನು ನಾಡು ಕಂಡಿತು. ಎರಡನೆಯದರಲ್ಲಿ ಯಾವ ತಾಯಿಯೂ ಮಗನ ಶವಕ್ಕಾಗಿ ಕಾಯಬೇಕಾಗಲಿಲ್ಲ.

ಆದುದರಿಂದ ನಮ್ಮ ಬೇಡಿಕೆ ಸರಳವಾದುದು. ಅಪರಾಧಿಯನ್ನು ವಿಚಾರಣೆಗೊಳಪಡಿಸಿರಿ, ಅವನ ಊರನ್ನಲ್ಲ. ಕಾನೂನನ್ನು ಜಾರಿಗೊಳಿಸುವ ಮೊದಲು ಅದು ಯಾರ ಅನ್ನಕ್ಕೆ ತಟ್ಟುವುದೆಂದು ಕೇಳಿರಿ. ಹಲಗಲಿಯಲ್ಲಿ ಯಾರೂ ಅದನ್ನು ಕೇಳಲಿಲ್ಲ.