ಹಣೆಯ ಕುಂಕುಮ, ಕಣ್ಣಿನ ಕಾಡಿಗೆ

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬಿದ್ದೊಡನೆ ಅದು ಕೆಂಪಾಗುವುದನ್ನು ಆರತಿ ಬೆಳಗುವ ಮನೆಯವರೆಲ್ಲ ಬಲ್ಲರು. ಕ್ಷಾರ ತಾಗಿದಾಗ ಅರಿಶಿನ ಹೀಗೆ ಬಣ್ಣ ಬದಲಿಸುತ್ತದೆ. ಈ ಗುಣವನ್ನು ನೆಚ್ಚಿಯೇ ನಮ್ಮ ಹಿರಿಯರು ಅರಿಶಿನದಿಂದ ಕುಂಕುಮ ಮಾಡುತ್ತಿದ್ದರು. ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರಗಳ ಸಂತೆ-ಜಾತ್ರೆಗಳಲ್ಲಿ ಬಿಡಿಯಾಗಿ ಕೊಳ್ಳುವ ಕುಂಕುಮದಲ್ಲಿ ಅರಿಶಿನವೆಷ್ಟು, ಕೃತಕ ಬಣ್ಣವೆಷ್ಟು ಎಂದು ತಿಳಿಸುವ ಚೀಟಿ ಇರುವುದಿಲ್ಲ. ಕೃತಕ ಬಣ್ಣಗಳಲ್ಲಿ ಕೆಲವು, ಕೆಲವರ ಹಣೆಯಲ್ಲಿ ತುರಿಕೆಯನ್ನೂ ಬಹುಕಾಲ ಉಳಿಯುವ ಕಪ್ಪು ಕಲೆಯನ್ನೂ ಉಂಟುಮಾಡುತ್ತವೆ.

ಕುಂಕುಮದ ಬದಲು ಟಿಕಳಿ ಅಂಟಿಸಿಕೊಂಡರೆ ತೊಂದರೆಯಿಲ್ಲವೆಂದು ತಿಳಿಯುವಂತಿಲ್ಲ. ಅದರ ಅಂಟಿನಲ್ಲಿ ಪ್ಯಾರಾ ಟರ್ಷಿಯರಿ ಬ್ಯುಟೈಲ್ ಫೀನಾಲ್ ಎಂಬ ವಸ್ತುವಿದ್ದರೆ, ಅದು ಚರ್ಮಕ್ಕೆ ಬಣ್ಣ ಕೊಡುವ ಕಣಗಳನ್ನೇ ಕೆಡಿಸಿ ಬಿಳಿ ಮಚ್ಚೆ ಮೂಡಿಸಬಲ್ಲದು. ಮದುವೆಯ ಮಾತು ನಡೆದಿರುವ ಹುಡುಗಿಯ ಹಣೆಯಲ್ಲಿ ಅಂಥ ಮಚ್ಚೆ ಕಾಣಿಸಿಕೊಂಡರೆ ನಮ್ಮ ಸಮಾಜ ಏನೆನ್ನುವುದೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನೆಲ್ಲ ಕೇಳಿ, ಹಳೆಯದೆಲ್ಲ ನಿರಪಾಯಕಾರಿ ಎಂಬ ತೀರ್ಮಾನಕ್ಕೆ ಬರುವುದೂ ಸಲ್ಲದು. ಶತಮಾನಗಳಿಂದ ಬಳಕೆಯಲ್ಲಿರುವ ಸುರಮಾದ ಮೂಲದ್ರವ್ಯ ಬಹಳ ಕಡೆ ಸೀಸದ ಅದಿರು. ಕಣ್ಣುಜ್ಜಿದ ಬೆರಳನ್ನು ಮಗು ಬಾಯಿಗಿಟ್ಟುಕೊಳ್ಳುತ್ತದೆ. ಸೀಸ ಒಡಲು ಸೇರುತ್ತದೆ. ಬೆಳೆಯುವ ಮಿದುಳಿಗೆ ಪೆಟ್ಟು ಬೀಳುತ್ತದೆ. ಮಗುವಿನ ರಕ್ತದಲ್ಲಿ ಇಷ್ಟು ಸೀಸವಿದ್ದರೆ ಬಾಧಕವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಔಡಲೆಣ್ಣೆಯ ದೀಪದ ಮಸಿಯಿಂದ ಮನೆಯಲ್ಲೇ ಮಾಡಿದ ಕಾಡಿಗೆಯಲ್ಲಿ ಸೀಸದ ಭಯ ಕಡಿಮೆ. ಆದರೆ ಅದನ್ನು ತೀಡುವ ಬೆರಳಿನಿಂದ ಎಳೆಗಣ್ಣಿಗೆ ಸೋಂಕು ತಗಲಬಹುದು. ದೃಷ್ಟಿಬೊಟ್ಟು ಇಡಲೇಬೇಕೆನ್ನುವ ಅಜ್ಜಿಯಂದಿರು ಮನೆಯ ಕಾಡಿಗೆಯನ್ನು ಮಗುವಿನ ಕಿವಿಯ ಹಿಂದೆ ಇಡಲಿ, ಕಣ್ಣನ್ನು ಬಿಡಲಿ.

ಇನ್ನು ಬಿಳುಪಿನ ಮುಲಾಮುಗಳ ಮಾತು. ಪಾದರಸ ಬೆರೆತ ಮುಲಾಮು ಚರ್ಮದಲ್ಲಿ ಕಪ್ಪು ವರ್ಣದ್ರವ್ಯ ಹುಟ್ಟದಂತೆ ತಡೆಯುತ್ತದೆ. ಆದ್ದರಿಂದಲೇ ಕೆಲವು ವಾರಗಳಲ್ಲಿ ಮುಖ ತಿಳಿಯಾಗುತ್ತದೆ. ಆದರೆ ಆ ಪಾದರಸ ಚರ್ಮದ ಮೂಲಕ ಒಳಗಿಳಿದು ಮೂತ್ರಪಿಂಡಗಳನ್ನು ಬಾಧಿಸುತ್ತದೆ. ನೆರೆಯ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಇಂಥ ಮುಲಾಮು ಬಳಸಿದವರಲ್ಲಿ ಮೂತ್ರಪಿಂಡದ ರೋಗ ಕಾಣಿಸಿಕೊಂಡುದನ್ನು ವೈದ್ಯರು 2023ರಲ್ಲಿ ಬೆಳಕಿಗೆ ತಂದರು. ನಮ್ಮ ದೇಶದ 2020ರ ಸೌಂದರ್ಯವರ್ಧಕ ನಿಯಮಗಳು ಪಾದರಸ ಬೆರೆಸುವುದನ್ನು ನಿಷೇಧಿಸಿವೆ. ಅರಿಯದೆ ಬೆರೆತರೂ, ಕಣ್ಣಿನ ಪ್ರಸಾಧನಗಳ ಹೊರತು, ಹತ್ತು ಲಕ್ಷ ಭಾಗಗಳಲ್ಲಿ 1 ಭಾಗವನ್ನು ಮೀರಕೂಡದು. ಬಣ್ಣಕ್ಕಾಗಿ ಸೀಸ ಸೇರಿಸುವುದಕ್ಕೂ ಅನುಮತಿಯಿಲ್ಲ. ಆದರೆ ಕಳ್ಳದಾರಿಯಲ್ಲಿ ಬಂದ ಡಬ್ಬಿ ತನ್ನಲ್ಲಿ ಪಾದರಸವಿದೆಯೆಂದು ಸಾರುವುದಿಲ್ಲ. ಸ್ಟೆರಾಯ್ಡ್ ಬೆರೆತ ಔಷಧದ ಮುಲಾಮನ್ನು ವೈದ್ಯರ ಚೀಟಿಯಿಲ್ಲದೆ ತಿಂಗಳುಗಟ್ಟಲೆ ಮುಖಕ್ಕೆ ಹಚ್ಚುವುದೂ ಅಪಾಯಕರ: ಚರ್ಮ ತೆಳುವಾಗುತ್ತದೆ, ಬಿಟ್ಟೊಡನೆ ಮುಖ ಉರಿದು ಕೆಂಪೇರುತ್ತದೆ.

ಹಾಗಾದರೆ ಮಾಡುವುದೇನು? ತಯಾರಕರ ಹೆಸರು, ವಿಳಾಸ, ಪರವಾನಗಿ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಇಲ್ಲದ ಡಬ್ಬಿಯನ್ನು ಕೊಳ್ಳಬೇಡಿರಿ. ಘಟಕಗಳ ಪಟ್ಟಿ ಬಹುಮಟ್ಟಿಗೆ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿರುತ್ತದೆ. ಕಾಲೇಜಿಗೆ ಹೋಗುವ ಮಗಳಿಂದಲೋ ತಮ್ಮನಿಂದಲೋ ಓದಿಸಿಕೊಳ್ಳಿರಿ. ಹೊಸದನ್ನು ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ನಾಲ್ಕು ದಿನ ನೋಡಿರಿ. ಈ ಪರೀಕ್ಷೆ ತುರಿಕೆಯನ್ನು ತೋರಿಸೀತೇ ಹೊರತು ಸೀಸ-ಪಾದರಸಗಳನ್ನಲ್ಲ, ಅವುಗಳಿಗೆ ಪ್ರಯೋಗಾಲಯವೇ ಆಗಬೇಕು. ಮುಲಾಮು ಹಚ್ಚುವವರಿಗೆ ಕಾಲು ಬಾತು, ಮೂತ್ರ ನೊರೆನೊರೆಯಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಡಬ್ಬಿಯನ್ನೂ ಒಯ್ಯಬೇಕು.

ಕಾನೂನು ಡಬ್ಬಿಯನ್ನು ತಡೆದೀತು, ಬಯಕೆಯನ್ನು ತಡೆಯಲಾರದು. ಹೆಣ್ಣು ನೋಡಲು ಬಂದವರು ಮೊದಲು ಬಣ್ಣವನ್ನೇ ಎಣಿಸುವವರೆಗೆ ಬಿಳುಪಿನ ವ್ಯಾಪಾರ ನಿಲ್ಲದೆಂದು ನನ್ನ ಭಾವನೆ. ಹತ್ತಿ, ಗೋವಿನಜೋಳದ ಹೊಲಗಳಲ್ಲಿ ದುಡಿಯುವ ನಮ್ಮ ಸೀಮೆಯ ಹೆಣ್ಣುಮಕ್ಕಳ ಎಣ್ಣೆಗೆಂಪು ಮೈಬಣ್ಣ ಬಿಸಿಲಿಗೆ ಪ್ರಕೃತಿಯೇ ಹಿಡಿದ ಕೊಡೆ. ಅದನ್ನು ಕಿತ್ತೆಸೆಯಲು ವಿಷವನ್ನು ಕೊಂಡು ತರುವ ಮುನ್ನ, ಮನೆಯ ಹಿರಿಯರು ಮಗಳಿಗೆ ಒಂದು ಮಾತು ಹೇಳಲಿ: ನಿನ್ನ ಬಣ್ಣದಲ್ಲಿ ಕುಂದಿಲ್ಲವೆಂದು.