ಪ್ಯಾರಿಸ್‌ನಲ್ಲಿ ಒಂದು ಭಾನುವಾರ, ಒಂದು ಸೆಂಟಿಮೀಟರ್



ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಶಾಲೆಗಳಲ್ಲಿ ಕ್ರೀಡಾದಿನ ಹತ್ತಿರವಾದಾಗ ಮೈದಾನದ ಮೂಲೆಯಲ್ಲಿ ಮರಳು ಸುರಿದು ಉದ್ದಜಿಗಿತಕ್ಕೆ ಗುಂಡಿ ಸಿದ್ಧಪಡಿಸುತ್ತಾರೆ. ಹುಡುಗ ಓಡಿ ಬಂದು ಹಾರುತ್ತಾನೆ, ಮೇಷ್ಟ್ರು ಟೇಪು ಹಿಡಿದು ಅಳೆಯುತ್ತಾರೆ, ಅಂಕಿ ಬರೆದುಕೊಳ್ಳುತ್ತಾರೆ. ಅಂಕಿ ಬಂದ ಮೇಲೆ ಚರ್ಚೆಗೆ ಎಡೆಯೇ ಇಲ್ಲ ಎಂದು ನಾವು ಭಾವಿಸುತ್ತೇವೆ. ಆದರೆ ಪ್ರತಿಯೊಂದು ಅಳತೆಯ ಹಿಂದೆಯೂ ಒಂದು ನಿಯಮವಿದೆ. ಆ ನಿಯಮ ಎಲ್ಲರನ್ನೂ ಸಮನಾಗಿ ಕಾಣದಿದ್ದರೆ ಟೇಪು ಎಷ್ಟೇ ಸರಿಯಾಗಿದ್ದರೂ ತೀರ್ಪು ಮನಸ್ಸಿಗೆ ಒಪ್ಪುವುದಿಲ್ಲ. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಆದದ್ದು ಇದೇ.

ಆಧುನಿಕ ಒಲಿಂಪಿಕ್ಸ್ ಆಗಿನ್ನೂ ಹೊಸದು. 1896ರಲ್ಲಿ ಅಥೆನ್ಸ್‌ನಲ್ಲಿ ನಡೆದ ಮೊದಲ ಕೂಟದ ಉದ್ದಜಿಗಿತವನ್ನು ಅಮೆರಿಕದ ಎಲರಿ ಕ್ಲಾರ್ಕ್ 6.35 ಮೀಟರ್ ಹಾರಿ ಗೆದ್ದಿದ್ದರು. ನಾಲ್ಕು ವರ್ಷಗಳ ನಂತರ ಪ್ಯಾರಿಸ್‌ಗೆ ಬಂದವರಲ್ಲಿ ಇಬ್ಬರು ಮುಖ್ಯರು: ಮೇಯರ್ ಪ್ರಿನ್‌ಸ್ಟೈನ್ ಮತ್ತು ಆಲ್ವಿನ್ ಕ್ರೆನ್ಜ್‌ಲೈನ್. ಇಬ್ಬರೂ ಅಮೆರಿಕದವರೇ. ಪ್ರಿನ್‌ಸ್ಟೈನ್ ಅದೇ ವರ್ಷ ಏಪ್ರಿಲ್‌ನಲ್ಲಿ 7.50 ಮೀಟರ್ ಹಾರಿ ಹೆಸರಾಗಿದ್ದರು.

ಜುಲೈ 14, ಶನಿವಾರ ಅರ್ಹತಾ ಸುತ್ತು ನಡೆಯಿತು. ಪ್ರಿನ್‌ಸ್ಟೈನ್ 7.175 ಮೀಟರ್ ಹಾರಿ ಎಲ್ಲರಿಗಿಂತ ಮುಂದೆ ನಿಂತರು. ಅಂತಿಮ ಸುತ್ತು ಮರುದಿನ, ಭಾನುವಾರ. ಅವರು ಓದುತ್ತಿದ್ದ ಸಿರಾಕ್ಯೂಸ್ ವಿಶ್ವವಿದ್ಯಾನಿಲಯ ಕ್ರೈಸ್ತ ಸಂಪ್ರದಾಯದ್ದು. ಭಾನುವಾರ ಸ್ಪರ್ಧಿಸಕೂಡದೆಂದು ಅದರ ಅಪ್ಪಣೆಯಾಯಿತು. ಪ್ರಿನ್‌ಸ್ಟೈನ್ ಯೆಹೂದಿ. ಅವರ ಧರ್ಮದಲ್ಲಿ ಪವಿತ್ರವಾದ ದಿನ ಶನಿವಾರ. ಆ ದಿನ ಹಾರಿದವರು ಮತ್ತೊಬ್ಬರ ಪವಿತ್ರ ದಿನದಂದು ಸುಮ್ಮನಿರಬೇಕಾಯಿತು! ಕ್ರೆನ್ಜ್‌ಲೈನ್‌ಗೆ ಅಂಥ ಕಟ್ಟು ಇರಲಿಲ್ಲ. ಅವರು ಭಾನುವಾರ ಮೈದಾನಕ್ಕಿಳಿದು 7.185 ಮೀಟರ್ ಹಾರಿದರು.

ಅರ್ಹತಾ ಸುತ್ತಿನ ಜಿಗಿತವನ್ನೂ ಲೆಕ್ಕಕ್ಕೆ ಹಿಡಿಯುವ ಪದ್ಧತಿ ಆಗ ಇತ್ತು. ಹೀಗಾಗಿ ಎರಡನೆಯ ದಿನ ಹಾರದೆಯೂ ಪ್ರಿನ್‌ಸ್ಟೈನ್ ಎರಡನೆಯವರಾದರು. ಸೋತದ್ದು ಕೇವಲ ಒಂದು ಸೆಂಟಿಮೀಟರ್‌ನಿಂದ. ಸಿಟ್ಟಿನಲ್ಲಿ ಅವರು ಕ್ರೆನ್ಜ್‌ಲೈನ್ ಮೇಲೆ ಕೈಮಾಡಿದರೆಂಬ ಮಾತೂ ಉಂಟು. ಅದೇ ಕೂಟದ 200 ಮೀಟರ್ ಹರ್ಡಲ್ಸ್‌ನಲ್ಲಿ ಕ್ರೆನ್ಜ್‌ಲೈನ್ ಹಿಂದೆ ಎರಡನೆಯವರಾಗಿ ಬಂದವರು ಕಲ್ಕತ್ತಾದಲ್ಲಿ ಹುಟ್ಟಿದ ನಾರ್ಮನ್ ಪ್ರಿಚರ್ಡ್.

ಒಂದು ಸೆಂಟಿಮೀಟರ್ ಎಂದರೆ ಎಷ್ಟು? ಉತ್ತಮ ಜಿಗಿತಗಾರ ಹಲಗೆಯ ಬಳಿ ಬರುವಾಗ ಅವನ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಆ ವೇಗದಲ್ಲಿ ಒಂದು ಸೆಂಟಿಮೀಟರ್ ಸಾಗಲು ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ನಮ್ಮ ಟೆಲಿವಿಷನ್ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಒಂದು ಚಿತ್ರದಿಂದ ಮುಂದಿನದಕ್ಕೆ ಹೋಗುವಷ್ಟರಲ್ಲಿ ಓಟಗಾರ 40 ಸೆಂಟಿಮೀಟರ್ ಮುಂದೆ ಸಾಗಿರುತ್ತಾನೆ! ಇನ್ನು ಅಳತೆ ಶುರುವಾಗುವುದು ಪಾದದಿಂದಲ್ಲ, ಹಲಗೆಯ ಮುಂದಿನ ಅಂಚಿನಿಂದ. ಐದು ಸೆಂಟಿಮೀಟರ್ ಹಿಂದೆ ಕಾಲೂರಿದರೆ ಆ ಐದೂ ನಷ್ಟವೇ.

ಇಷ್ಟು ಸೂಕ್ಷ್ಮವಾದ ಸ್ಪರ್ಧೆಯಲ್ಲಿ ಒಬ್ಬರಿಗೆ ಎರಡು ದಿನ, ಇನ್ನೊಬ್ಬರಿಗೆ ಒಂದೇ ದಿನ ಎಂದಾದರೆ ಅದನ್ನು ಹೋಲಿಕೆ ಎನ್ನಲಾದೀತೆ? ಪ್ರಯೋಗಶಾಲೆಯಲ್ಲಿ ಎರಡು ವಸ್ತುಗಳನ್ನು ಹೋಲಿಸುವಾಗ ಉಳಿದ ಪರಿಸ್ಥಿತಿಗಳೆಲ್ಲ ಒಂದೇ ಇರಬೇಕೆಂದು ನೀವು ಕಲಿಯುತ್ತೀರಿ. ಕ್ರೀಡೆಯೂ ಈ ಪಾಠವನ್ನು ನಿಧಾನವಾಗಿ ಕಲಿಯಿತು. ಈಗ ಅರ್ಹತಾ ಸುತ್ತಿನ ಅಂಕಿ ಅಂತಿಮ ಸುತ್ತಿಗೆ ಬರುವುದಿಲ್ಲ. ಬೆನ್ನಿಗೆ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರ್ ಮೀರಿದರೆ ಜಿಗಿತವನ್ನು ದಾಖಲೆಗೆ ಸೇರಿಸುವುದಿಲ್ಲ. ಇಬ್ಬರ ಅಂಕಿ ಸಮವಾದರೆ ಅವರವರ ಎರಡನೆಯ ಉತ್ತಮ ಜಿಗಿತವನ್ನು ನೋಡುತ್ತಾರೆ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಕೇರಳದ ಮುರಳಿ ಶ್ರೀಶಂಕರ್ ಮತ್ತು ಬಹಾಮಾಸ್‌ನ ಲಕ್ವಾನ್ ನೆಯರ್ನ್ ಇಬ್ಬರೂ 8.08 ಮೀಟರ್ ಹಾರಿದರು. ಎರಡನೆಯ ಜಿಗಿತದ ಬಲದಿಂದ ಚಿನ್ನ ನೆಯರ್ನ್‌ಗೆ, ಬೆಳ್ಳಿ ಶ್ರೀಶಂಕರ್‌ಗೆ. ಸೋಲು ಕಹಿಯೇ. ಆದರೆ ಆ ನಿಯಮ ಇಬ್ಬರಿಗೂ ಮೊದಲೇ ಗೊತ್ತಿತ್ತು, ಇಬ್ಬರಿಗೂ ಒಂದೇ ಆಗಿತ್ತು.

ನಮ್ಮ ನಾಡಿನಲ್ಲೂ ಈ ಕ್ರೀಡೆಗೆ ನೆಲೆಯಿದೆ. 2023ರ ಮಾರ್ಚ್ 2ರಂದು ತಮಿಳುನಾಡಿನ ಜೆಸ್ವಿನ್ ಆಲ್ಡ್ರಿನ್ 8.42 ಮೀಟರ್ ಹಾರಿ ರಾಷ್ಟ್ರೀಯ ದಾಖಲೆ ಬರೆದದ್ದು ಬಳ್ಳಾರಿ ಜಿಲ್ಲೆಯಲ್ಲಿ. ಇಲ್ಲೇ, ಕೆಂಗೇರಿಗೆ ಹೋಗುವ ದಾರಿಯ ಜ್ಞಾನಭಾರತಿಯಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ.

ಪ್ರಿನ್‌ಸ್ಟೈನ್ ಏನಾದರು? ಪ್ಯಾರಿಸ್‌ನಲ್ಲೇ, ಸೋಮವಾರ, ತ್ರಿವಿಧ ಜಿಗಿತ ಗೆದ್ದರು. 1904ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಉದ್ದಜಿಗಿತವನ್ನೂ 7.34 ಮೀಟರ್‌ನೊಂದಿಗೆ ಗೆದ್ದರು. ಆದರೂ 1900ರ ಆ ಪಟ್ಟಿಯಲ್ಲಿ ಅವರ ಹೆಸರು ಇಂದಿಗೂ ಎರಡನೆಯದೇ. ನಿಮ್ಮ ಕ್ರೀಡಾದಿನದಲ್ಲಿ ಗೆಳೆಯನೊಬ್ಬ ಪರೀಕ್ಷೆಯಿಂದಲೋ, ಹಬ್ಬದಿಂದಲೋ ತನ್ನ ಸರದಿ ತಪ್ಪಿಸಿಕೊಳ್ಳುವಂತಾದರೆ, ಟೇಪು ಬಿಚ್ಚುವ ಮೊದಲೇ ಮೇಷ್ಟ್ರನ್ನು ಕೇಳಿ: "ಸಾರ್, ಅವನ ಸರದಿ ಯಾವಾಗ?"