ಮೂರು ನಿಮಿಷದ ಶಾರ್ಟ್‌ಕಟ್: ನನ್ನ ಜಿಪ್ಸಿಯ ಫ್ಯುಯೆಲ್ ಪಂಪ್ ಕಥೆ

ಇವತ್ತು ನಾನೇ ಮಾಡಿದ ಒಂದು ತಪ್ಪಿನ ಕಥೆ ಹೇಳ್ತೀನಿ. ಗಾಡಿ ಮಾಡಿಫೈ ಮಾಡೋ ಹುಚ್ಚು ಇರೋರು ಪೂರ್ತಿ ಕೇಳಿ. ಹುಚ್ಚು ಇಲ್ಲದೆ, ಅಂಥ ಗಾಡಿಯ ಹಿಂದಿನ ಸೀಟಲ್ಲಿ ಕೂತು ಘಾಟಿ ಹತ್ತೋರು ಇದ್ದೀರಲ್ಲ, ನೀವೂ ಕೇಳಿ.

ನನ್ನ ಹತ್ರ ಒಂದು ಮಾರುತಿ ಜಿಪ್ಸಿ ಇದೆ. ಸಕಲೇಶಪುರ, ಕೊಡಗಿನ ಕಡೆ ಹೋದವರಿಗೆ ಈ ಗಾಡಿ ಗೊತ್ತೇ ಇರುತ್ತೆ. 1985ರಲ್ಲಿ ಬಂದಾಗ ಇದಕ್ಕೆ ಒಂದು ಲೀಟರ್ ಆಸುಪಾಸಿನ ಎಂಜಿನ್ ಇತ್ತು. 1996ರಲ್ಲಿ 1.3 ಲೀಟರ್ ಆಯ್ತು, ಕಾರ್ಬ್ಯುರೇಟರ್ ಹಾಗೇ ಉಳೀತು. 2000ದ ಹೊತ್ತಿಗೆ ಎಂಪಿಎಫ್‌ಐ ಬಂತು. ಹೊರಗಿಂದ ನೋಡಿದ್ರೆ ಎಲ್ಲಾ ಒಂದೇ ಥರ, ಒಳಗಡೆ ಅಜಗಜಾಂತರ.

ನನ್ನದು 1998ರ ಬಾಡಿ. ಅದಕ್ಕೆ 2004ರ ಗಾಡಿಯ ಎಂಜಿನ್, ಇಸಿಯು, ಪಂಪ್ ಸಮೇತ ಟ್ಯಾಂಕ್ ತಂದು ಕೂರಿಸಿದೆ. ಮೆಕ್ಯಾನಿಕಲ್ ಕೆಲಸ ಕಷ್ಟ ಆಗಲಿಲ್ಲ. ತಲೆ ಕೆಟ್ಟಿದ್ದು ವೈರಿಂಗ್‌ನಲ್ಲಿ. ಕಾರ್ಬ್ಯುರೇಟರ್ ಗಾಡಿಯಲ್ಲಿ ಪೆಟ್ರೋಲ್ ಪಂಪನ್ನ ಎಂಜಿನ್ನೇ ತಿರುಗಿಸುತ್ತೆ, ಅದಕ್ಕೆ ಕರೆಂಟೇ ಬೇಡ. ಹಾಗಾಗಿ ಹಳೇ ಬಾಡಿಯ ವೈರಿಂಗ್‌ನಲ್ಲಿ ಟ್ಯಾಂಕ್ ಕಡೆ ಪಂಪ್‌ಗೆ ಅಂತ ವೈರೇ ಇರಲಿಲ್ಲ. ನಾನು ಬಣ್ಣ ನೋಡ್ಕೊಂಡು ಜೋಡಿಸ್ತಾ ಹೋದೆ. ಪಂಪ್ ಓಡಲಿಲ್ಲ. ರಾತ್ರಿ ಹನ್ನೊಂದು ಗಂಟೆ, ತಾಳ್ಮೆ ಮುಗಿದಿತ್ತು. ಇಗ್ನಿಷನ್ ಸ್ವಿಚ್‌ನಿಂದ ಒಂದು ವೈರ್ ಎಳೆದು ನೇರ ಪಂಪ್‌ಗೆ ಕೊಟ್ಟೆ. ಮೂರು ನಿಮಿಷದ ಕೆಲಸ. ಕೀ ಆನ್ ಮಾಡಿದ್ರೆ ಝುಂಯ್ ಅಂತು, ಗಾಡಿ ಸ್ಟಾರ್ಟ್ ಆಯ್ತು. ನಾನು ಹೀರೋ!

ಎರಡು ವಾರ ಆದ್ಮೇಲೆ ಒಂದು ಭಾನುವಾರ ತೋಟದ ದಾರಿ ಹತ್ತಿಸ್ತಾ ಇದ್ದೆ. ಪಕ್ಕದಲ್ಲಿ ಫ್ರೆಂಡ್, ಹಿಂದೆ ಅಕ್ಕನ ಮಗ, ಏಳು ವರ್ಷ. ಏರಿನ ಮಧ್ಯೆ ಎಂಜಿನ್ ಆಫ್ ಆಯ್ತು. ಮತ್ತೆ ಸ್ಟಾರ್ಟ್ ಮಾಡೋಣ ಅಂತ ಕೀಗೆ ಕೈ ಹಾಕಿದೆ. ಹುಡುಗ ಕೇಳ್ದ, "ಮಾಮ, ಯಾಕೆ ಪೆಟ್ರೋಲ್ ವಾಸ್ನೆ?" ಫ್ರೆಂಡ್ ಇಳಿದು ಬಾನೆಟ್ ಎತ್ತಿದವನೇ ಕಿರುಚಿದ, "ಲೋ ಮಗಾ, ಕೀ ಆಫ್ ಮಾಡೋ!"

ಹಳೇ ರಬ್ಬರ್ ಪೈಪ್ ಒಂದು ಕಿತ್ಕೊಂಡಿತ್ತು. ಎಂಜಿನ್ ನಿಂತಿದ್ರೂ ಪಂಪ್ ಓಡ್ತಾನೇ ಇತ್ತು. ಕಾದ ಎಕ್ಸಾಸ್ಟ್‌ನಿಂದ ಒಂದು ಗೇಣು ದೂರದಲ್ಲಿ ಪೆಟ್ರೋಲ್ ಚಿಮ್ಮುತಾ ಇತ್ತು. ಬೆಂಕಿ ಹತ್ತಲಿಲ್ಲ. ಅದು ನನ್ನ ಜಾಣತನ ಅಲ್ಲ, ಅದೃಷ್ಟ.

ಗಾಡಿನ ಟೋ ಮಾಡ್ಕೊಂಡು ಹಾಸನಕ್ಕೆ ತಂದೆ. ಅಲ್ಲಿ ಒಬ್ಬ ಹಳೇ ಆಟೋ ಎಲೆಕ್ಟ್ರಿಷಿಯನ್ ಇದ್ದಾರೆ. ನನ್ನ ವೈರ್ ನೋಡಿ ಅವರು ಬೈಯಲಿಲ್ಲ. "ಪಂಪ್ ಓಡಿಸೋದು ಯಾರಿಗಾದ್ರೂ ಬರುತ್ತಪ್ಪಾ. ಅದು ಯಾವಾಗ ನಿಲ್ಲಬೇಕು ಅನ್ನೋದೇ ವೈರಿಂಗು" ಅಂದ್ರು. ಆಮೇಲೆ ಕೂರಿಸ್ಕೊಂಡು ಹೇಳಿಕೊಟ್ರು.

ನಾಲ್ಕು ಕಾಲಿನ ರಿಲೇ ತಗೊಳ್ಳಿ. 30ನೇ ಕಾಲಿಗೆ ಬ್ಯಾಟರಿಯಿಂದ ಫ್ಯೂಸ್ ಮೂಲಕ ದಪ್ಪ ವೈರ್. ಫ್ಯೂಸ್ ಬ್ಯಾಟರಿ ಹತ್ರಾನೇ ಇರಬೇಕು. 87ರಿಂದ ಪಂಪ್‌ಗೆ. 86ಕ್ಕೆ ಇಗ್ನಿಷನ್ ಸಪ್ಲೈ. 85ನ್ನ ಅರ್ತ್‌ಗೆ ಕೊಡಬೇಡಿ, ಇಸಿಯುಗೆ ಕೊಡಿ. ಕೀ ಆನ್ ಮಾಡಿದಾಗ ಇಸಿಯು ಎರಡು ಮೂರು ಸೆಕೆಂಡ್ ಮಾತ್ರ ಪಂಪ್ ಓಡಿಸುತ್ತೆ. ಎಂಜಿನ್ ತಿರುಗ್ತಿದೆ ಅಂತ ಸೆನ್ಸರ್ ಹೇಳಿದ್ರೆ ಮುಂದುವರಿಸುತ್ತೆ, ಎಂಜಿನ್ ನಿಂತ್ರೆ ತಾನೇ ನಿಲ್ಲಿಸುತ್ತೆ. ನನ್ನ ಶಾರ್ಟ್‌ಕಟ್ ಈ ಕಾವಲುಗಾರನನ್ನೇ ಮನೆಗೆ ಕಳಿಸಿತ್ತು.

ಇನ್ನೊಂದು, ವೈರ್ ಬಣ್ಣ ನಂಬಬೇಡಿ. ಎರಡು ಮಾಡೆಲ್ ಗಾಡಿ ಸೇರಿಸಿದಾಗ ಅದೇ ಬಣ್ಣಕ್ಕೆ ಬೇರೆ ಕೆಲಸ ಇರಬಹುದು. ಎಂಜಿನ್ ಯಾವ ವರ್ಷದ್ದೋ ಆ ವರ್ಷದ ಡಯಾಗ್ರಾಮ್ ಹುಡುಕಿ, ಮಲ್ಟಿಮೀಟರ್ ಹಿಡಿದು ಒಂದೊಂದೇ ವೈರ್ ಚೆಕ್ ಮಾಡಿ. ಪಂಪ್ ಓಡ್ತಿರುವಾಗ ಅಲ್ಲಿ ವೋಲ್ಟೇಜ್ ನೋಡಿ. ಬ್ಯಾಟರಿಗಿಂತ ತುಂಬಾ ಕಮ್ಮಿ ಇದ್ರೆ ವೈರ್ ಸಣ್ಣದು, ಇಲ್ಲಾ ಅರ್ತ್ ಸರಿಯಿಲ್ಲ.

ಪೈಪ್ ಮರೀಬೇಡಿ. ಎಂಪಿಎಫ್‌ಐ ಲೈನ್‌ನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತೆ, ಕಾರಿನ ಟೈರ್‌ಗಿಂತ ಜಾಸ್ತಿ. ಕಾರ್ಬ್ಯುರೇಟರ್‌ಗೆ ಅರ್ಧ ಬಾರೂ ಬೇಡ. ಹಳೇ ಪೈಪ್, ಹಳೇ ಕ್ಲಿಪ್ ತಡೆಯಲ್ಲ. ಹಾಗೇ ಎಂಜಿನ್ ಬದಲಾಯಿಸೋ ಮೊದಲೇ ಆರ್‌ಟಿಒದಲ್ಲಿ ವಿಚಾರಿಸಿ, ಒಪ್ಪಿಗೆ ಇಲ್ಲದೆ ರಸ್ತೆಗೆ ಇಳಿಸಬೇಡಿ.

ಈಗ ಕೀ ಆನ್ ಮಾಡಿದ್ರೆ ನನ್ನ ಜಿಪ್ಸಿ ಎರಡು ಸೆಕೆಂಡ್ ಝುಂಯ್ ಅಂದು ಸುಮ್ಮನಾಗುತ್ತೆ. ಆ ಮೌನ ಕೇಳಿದ ಮೇಲೇನೇ ಅಕ್ಕನ ಮಗನಿಗೆ "ಹತ್ತೋ" ಅಂತೀನಿ.

ನಿಮ್ಮ ಗಾಡಿಯಲ್ಲಿ ಇಂಥ "ಮೂರು ನಿಮಿಷದ" ವೈರ್ ಏನಾದ್ರೂ ಇದ್ರೆ, ಇವತ್ತೇ ಬಿಚ್ಚಿ.